ಮುಡಿಗೂ ಅಲ್ಲದ, ಗುಡಿಗೂ ಅಲ್ಲದ ಹೂವು

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯನ್ನು ನೋಡಬೇಕೆಂಬ ಆಸೆಯುಳ್ಳವರು ಬೆಳಗಿನ ನಿದ್ದೆಯನ್ನು ತ್ಯಾಗಮಾಡಲೇಬೇಕು. ಹೊತ್ತು ಏರುವ ಮೊದಲೇ ಗುಲಾಬಿ, ಸೇವಂತಿಗೆ, ಚೆಂಡುಹೂಗಳು ಮೂಟೆಮೂಟೆಯಾಗಿ ಬಂದಿಳಿಯುತ್ತವೆ. ತೂಗುವವರು, ಕೂಗುವವರು, ಕೊಳ್ಳುವವರು, ಕೊಂಡುದನ್ನು ವಾಹನಕ್ಕೆ ಏರಿಸುವವರು—ಎಲ್ಲರಿಗೂ ಅವಸರ. ಹೂವಿಗೂ ಅವಸರವೇ, ಬಾಡಿದ ಮೇಲೆ ಅದನ್ನು ಕೇಳುವವರಿಲ್ಲ.

ಈ ರಾಶಿಗಳ ನಡುವೆ ಎಷ್ಟು ಹುಡುಕಿದರೂ ಸಿಕ್ಕದ ಹೂವೊಂದಿದೆ. ಅದು ಸಾಲ್ವಿಯಾ. ಬೆಂಗಳೂರಿನ ಲಾಲ್‌ಬಾಗಿನ ಪುಷ್ಪಪ್ರದರ್ಶನಕ್ಕೆ ಹೋದವರೆಲ್ಲರೂ ಕೆಂಪು ಜಮಖಾನ ಹಾಸಿದಂತೆ ಅರಳಿನಿಂತ ಅದರ ಪಾತಿಗಳನ್ನು ಕಂಡೇ ಇರುತ್ತಾರೆ. ಶಾಲೆಯ ಅಂಗಳದಲ್ಲಿ, ಕಚೇರಿಯ ಮೆಟ್ಟಿಲ ಬಳಿ, ಮನೆಯ ಕಾಂಪೌಂಡಿನ ಬದಿಯಲ್ಲಿ ಅದನ್ನು ಬೆಳೆಸುವುದುಂಟು. ಆದರೆ ಅದನ್ನು ಮಾರುವವರಿಲ್ಲ, ಕೊಳ್ಳುವವರೂ ಇಲ್ಲ. ಅದಕ್ಕೆ ಪರಿಮಳವಿಲ್ಲ; ಕಿತ್ತ ಸ್ವಲ್ಪ ಹೊತ್ತಿಗೇ ಎಸಳು ಕಳಚಿ ಬೀಳುತ್ತದೆ. ಆದುದರಿಂದ ಹೆಂಗಸರು ಮುಡಿಯುವುದಿಲ್ಲ, ಪೂಜಾರಿಗಳು ಬೇಡುವುದಿಲ್ಲ. ಮುಡಿಗೂ ಅಲ್ಲ, ಗುಡಿಗೂ ಅಲ್ಲ.

ಹೀಗಿರಲು, ನೀರಿಗಾಗಿ ನೆಲವನ್ನು ಸಾವಿರ ಅಡಿಗೂ ಮಿಗಿಲಾಗಿ ಕೊರೆಯುವ ಈ ಸೀಮೆಯಲ್ಲಿ, ಇಂತಹ ಹೂವಿಗೆ ಕೊಡುವ ಒಂದು ಚೊಂಬು ನೀರಾದರೂ ನ್ಯಾಯವೇ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಮನೆಯ ಮುಂದೆ ನಾಲ್ಕು ಗಿಡ ಬೆಳೆಸಲೆಳಸುವ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಎದುರಾಗುತ್ತದೆ. ಉತ್ತರವನ್ನು ಹುಡುಕುತ್ತ ಈ ನಾಲ್ಕು ಊರುಗಳನ್ನು ಒಮ್ಮೆ ಸುತ್ತಿಬರೋಣ.

ತವರಿನ ಬಡತನ

2007ರವರೆಗೆ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ವರ್ಷ ಚಿಕ್ಕಬಳ್ಳಾಪುರವೇ ಪ್ರತ್ಯೇಕ ಜಿಲ್ಲೆಯಾಯಿತು. ಸುತ್ತಲೂ ಬೋಳು ಬಂಡೆಯ ಬೆಟ್ಟಗಳು, ನಡುವೆ ಕೆಮ್ಮಣ್ಣಿನ ಬಯಲು, ಹಿರಿಯರು ಕಟ್ಟಿಸಿದ ನೂರಾರು ಕೆರೆಗಳು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟ ಈ ಸೀಮೆಯ ಕಿರೀಟ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮೊದಲಾದ ನದಿಗಳು ನಂದಿಯಲ್ಲಿ ಅಥವಾ ಅದರ ಸುತ್ತಣ ಬೆಟ್ಟಗಳಲ್ಲಿಯೇ ಹುಟ್ಟುತ್ತವೆ. ಆದರೆ ಹೆಣ್ಣುಮಕ್ಕಳನ್ನೆಲ್ಲ ಪರವೂರಿಗೆ ಕೊಟ್ಟು ಬರಿಗೈಯಾದ ತವರಿನಂತೆ, ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ಇಲ್ಲಿಗೆ ದಕ್ಕಿಲ್ಲ. ವರ್ಷದ ಮಳೆ ಸುಮಾರು 750 ಮಿಲಿಮೀಟರ್. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿರುವುದನ್ನು ನೆನೆದರೆ, ನೀರಿನ ಹಸಿವು ಎಷ್ಟಿದೆಯೆಂಬುದು ತಿಳಿದೀತು.

ಅತಿಥಿಯ ಕುಲಗೋತ್ರ

ಸಾಲ್ವಿಯಾ ಎಂಬುದು ಒಂದು ಗಿಡದ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು. ಅದರಲ್ಲಿ ಸುಮಾರು ಸಾವಿರ ಪ್ರಭೇದಗಳಿವೆ. ಲ್ಯಾಟಿನ್ ಭಾಷೆಯಲ್ಲಿ ‘ಕಾಪಾಡು, ಗುಣಪಡಿಸು’ ಎಂಬ ಅರ್ಥವುಳ್ಳ ಮಾತಿನಿಂದ ಈ ಹೆಸರು ಬಂದಿದೆ. ಯುರೋಪಿನವರು ಮದ್ದಿಗೂ ಅಡಿಗೆಗೂ ಬಳಸುವ ‘ಸೇಜ್’ ಈ ಕುಲದ್ದೇ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮದು. ಅವರಾದರೋ ಹಿತ್ತಲ ಗಿಡಕ್ಕೆ ಮದ್ದೆಂದೇ ಹೆಸರಿಟ್ಟರು!

ನಾವು ಬೆಳೆಸುವ ಕೆಂಪು ಸಾಲ್ವಿಯಾ ಮಾತ್ರ ಬರಿಯ ಅಂದಕ್ಕಾಗಿ ಬಂದುದು. ಅದರ ತೌರೂರು ದಕ್ಷಿಣ ಅಮೆರಿಕದ ಬ್ರೆಜಿಲ್. ಅಲ್ಲಿನ ತಂಪಾದ, ತೇವವುಳ್ಳ ಬೆಟ್ಟಗಾಡಿನ ಅರೆನೆರಳಿನಲ್ಲಿ ಬೆಳೆಯುತ್ತಿದ್ದ ಗಿಡವು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಯುರೋಪಿನ ತೋಟಗಳಿಗೆ ಹೋಯಿತು; ಅಲ್ಲಿಂದ ಜಗತ್ತನ್ನೆಲ್ಲ ಸುತ್ತಿತು. ಅದು ಬಯಲಿನ ಗಿಡವಲ್ಲ, ಬೆಟ್ಟದ ಗಿಡ ಎಂಬ ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಅದನ್ನು ಸಾಕುವ ವಿದ್ಯೆಯ ಅರ್ಧ ಬಂದಂತೆಯೇ.

ದೂರದಿಂದ ಬಂದರೂ ಅದು ನಮಗೆ ಪರಕೀಯವೇನೂ ಅಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿರಿ. ಅದು ದುಂಡಗಿಲ್ಲ, ಚೌಕವಾಗಿದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿವೆ. ಹೂವಿಗೆ ಮೇಲ್ದುಟಿ ಕೆಳದುಟಿಗಳಿವೆ. ತುಲಸಿ, ಪುದೀನ, ದೊಡ್ಡಪತ್ರೆ, ತುಂಬೆಗಳ ಲಕ್ಷಣವೂ ಇದೇ. ಎಲ್ಲವೂ ಒಂದೇ ಕುಟುಂಬದ ದಾಯಾದಿಗಳು. ತುಲಸಿಗೆ ವಿಷ್ಣುವಿನ ಸನ್ನಿಧಿ ದೊರೆಯಿತು, ತುಂಬೆಗೆ ಶಿವನ ಜಡೆ. ಸಾಲ್ವಿಯಾಕ್ಕೆ ಉಳಿದುದು ಕಾಂಪೌಂಡಿನ ಬದಿ.

ಅದರ ಕೆಂಪು ಇಷ್ಟು ದಿನ ನಿಲ್ಲುವುದಕ್ಕೂ ಕಾರಣವಿದೆ. ಬೇರೆ ಹೂಗಳಲ್ಲಿ ಸಾಮಾನ್ಯವಾಗಿ ಹಸುರಾಗಿರುವ ಹೊರಗಣ ಪುಷ್ಪಪಾತ್ರೆ ಇಲ್ಲಿ ಎಸಳಿನಷ್ಟೇ ಕೆಂಪು. ಎಸಳು ಉದುರಿದರೂ ಪಾತ್ರೆ ಉಳಿಯುತ್ತದೆ. ನೋಡುವವರಿಗೆ ಹೂವು ಇನ್ನೂ ಇದ್ದಂತೆಯೇ ತೋರುತ್ತದೆ. ಅದರ ತಳದಲ್ಲಿ ನಾಲ್ಕು ಪುಟ್ಟ ಬೀಜಗಳು ಬಲಿಯುತ್ತವೆ.

ನಂದಿಯ ನೆರಳಿನಲ್ಲಿ

ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಮುಂಜಾನೆ ಬೆಟ್ಟಗಳಿಂದ ಮಂಜು ಇಳಿದುಬರುತ್ತದೆ. 1927ರಲ್ಲಿ ದೇಹಾಲಸ್ಯದಿಂದ ಬಳಲಿದ ಗಾಂಧೀಜಿಯವರು ವಿಶ್ರಾಂತಿಗೆಂದು ಬಂದು ಉಳಿದುದು ನಂದಿಯಲ್ಲಿಯೇ. ಆ ತಂಪು ಗಾಳಿ ಕೆಂಪು ಸಾಲ್ವಿಯಾಕ್ಕೂ ತವರಿನ ನೆನಪು ತರತಕ್ಕದ್ದೇ ಸರಿ. ನಾಲ್ಕು ಊರುಗಳಲ್ಲಿ ಅದು ಸುಲಭವಾಗಿ ಒಗ್ಗುವುದು ಇಲ್ಲಿ.

ಬಿತ್ತುವ ಕಾಲವನ್ನು ಸರಿಯಾಗಿ ಆರಿಸಬೇಕು. ಬಿತ್ತಿದ ಹತ್ತು ಹನ್ನೆರಡು ವಾರಗಳಿಗೆ ಗಿಡ ಹೂ ಬಿಡುತ್ತದೆ. ಗಣರಾಜ್ಯೋತ್ಸವದ ದಿನ ಅಂಗಳ ಕೆಂಪಾಗಬೇಕಾದರೆ ಅಕ್ಟೋಬರಿನಲ್ಲಿ ಬಿತ್ತಬೇಕು. ಸ್ವಾತಂತ್ರ್ಯೋತ್ಸವಕ್ಕಾದರೆ ಮೇ ತಿಂಗಳಲ್ಲಿ. ಈ ಸೀಮೆಗೆ ಅಕ್ಟೋಬರಿನ ಬಿತ್ತನೆಯೇ ಮೇಲು. ಮಳೆಯ ತೇವ ಸಸಿಗೆ ಸಿಗುತ್ತದೆ, ಚಳಿಯ ತಂಪು ಹೂವಿಗೆ ಸಿಗುತ್ತದೆ, ಬಾವಿಗೆ ಹೊರೆಯಾಗುವುದಿಲ್ಲ.

ಬೀಜವನ್ನು ಆಳವಾಗಿ ಹೂಳಬಾರದು. ಮೊಳೆಯಲು ಅದಕ್ಕೆ ಬೆಳಕು ಬೇಕು. ಜರಡಿ ಹಿಡಿದ ಎಲೆಗೊಬ್ಬರ, ಕೆಮ್ಮಣ್ಣು, ಮರಳುಗಳನ್ನು ಸಮವಾಗಿ ಬೆರೆಸಿ ಅಗಲವಾದ ಕುಂಡದಲ್ಲಿ ಹರಡಿ, ಬೀಜವನ್ನು ಮೇಲೆ ಚೆಲ್ಲಿ, ಅಂಗೈಯಿಂದ ಮೆಲ್ಲನೆ ಅದುಮಿದರೆ ಸಾಕು. ನೀರನ್ನು ಸುರಿಯದೆ ಸಿಂಪಡಿಸಬೇಕು. ಎರಡು ವಾರಗಳೊಳಗೆ ಮೊಳಕೆ ಕಾಣುತ್ತದೆ. ನಾಲ್ಕಾರು ಎಲೆ ಬಂದ ಮೇಲೆ ಒಂದೊಂದು ಅಡಿ ಅಂತರದಲ್ಲಿ ಕಿತ್ತು ನೆಡಿರಿ. ಗೇಣುದ್ದ ಬೆಳೆದಾಗ ತುದಿಯನ್ನು ಚಿವುಟಿರಿ. ಚಿವುಟಲು ಕೈ ಬಾರದ ಮೃದುಹೃದಯರ ಗಿಡಗಳು ಒಂಟಿ ಕಡ್ಡಿಯಾಗಿ ನಿಲ್ಲುತ್ತವೆ. ಚಿವುಟಿಸಿಕೊಂಡ ಗಿಡ ಕವಲೊಡೆದು ಪೊದೆಯಾಗುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಮೂಡಣ ಬದಿ ಅದಕ್ಕೆ ಹಿತ.

ಪಿನಾಕಿನಿಯ ಮರಳದಂಡೆ

ಚಿಕ್ಕಬಳ್ಳಾಪುರದಿಂದ ಪಶ್ಚಿಮಾಭಿಮುಖವಾಗಿ ಮಂಚೇನಹಳ್ಳಿಯ ಮಾರ್ಗವಾಗಿ ಹೋದರೆ ಗೌರಿಬಿದನೂರು. ದಾರಿ ಇಳಿಯುತ್ತ ಹೋಗುತ್ತದೆ. ಊರು ಸುಮಾರು 700 ಮೀಟರ್ ಎತ್ತರದಲ್ಲಿದೆ. ಇನ್ನೂರು ಮೀಟರ್ ಇಳಿದೊಡನೆ ಬಿಸಿಲಿನ ಬಣ್ಣವೇ ಬೇರೆ. ಉತ್ತರ ಪಿನಾಕಿನಿ ಇಲ್ಲಿ ಹರಿಯುತ್ತದೆಂದು ನಕ್ಷೆ ಹೇಳುತ್ತದೆ. ಕಣ್ಣಿಗೆ ಬಹುಕಾಲ ಕಾಣುವುದು ಮರಳು. ಸಮೀಪದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕನ್ನಡನಾಡು ಆ ಊರನ್ನು ಮರೆಯುವಂತಿಲ್ಲ.

ಇದು ಆಲಿಸುವವರ ಊರೂ ಹೌದು. ಭೂಕಂಪನದ ಅಲೆಗಳನ್ನು ಗುರುತಿಸುವ ಉಪಕರಣಗಳ ಜಾಲವನ್ನು 1965ರಲ್ಲಿ ಇಲ್ಲಿನ ಗಟ್ಟಿ ಬಂಡೆನೆಲದಲ್ಲಿ ಹೂಡಿದರು. 1976ರಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವೂ ಬಂದಿತು. ಇಲ್ಲಿನ ತೋಟಗಾರನಿಗೂ ಅಷ್ಟೇ ಎಚ್ಚರ ಬೇಕು. ಏಕೆಂದರೆ ಗಿಡವು ತನ್ನ ಸಂಕಟವನ್ನು ಎಲೆಯ ಅಂಚಿನಲ್ಲಿ ಮೆಲ್ಲನೆ ಹೇಳುತ್ತದೆ. ಆಳದ ಕೊಳವೆಬಾವಿಯ ಗಡಸು ನೀರನ್ನೇ ದಿನವೂ ಹಾಕುತ್ತಿದ್ದರೆ ಲವಣ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಕೆಂಪು ಸಾಲ್ವಿಯಾ ಅದನ್ನು ಸಹಿಸದು. ಎಲೆ ಹಳದಿಗಟ್ಟುತ್ತದೆ, ಅಂಚು ಸುಟ್ಟಂತಾಗುತ್ತದೆ. ನೀರು ಸಾಲದೆಂದು ಭ್ರಮಿಸಿ ಅದೇ ನೀರನ್ನು ಮತ್ತಷ್ಟು ಸುರಿದರೆ ರೋಗ ಹೆಚ್ಚುತ್ತದೆ. ತಿಂಗಳಿಗೊಮ್ಮೆಯಾದರೂ ಮಳೆಯ ನೀರಿನಿಂದ ಕುಂಡವನ್ನು ತೊಳೆದಂತೆ ತೋಯಿಸಿದರೆ ಗಿಡ ಚೇತರಿಸೀತು.

ಇದಕ್ಕಿಂತಲೂ ಜಾಣತನದ ದಾರಿಯೊಂದಿದೆ. ಬ್ರೆಜಿಲಿನ ಬೆಟ್ಟದ ಮಗಳನ್ನು ಬಯಲಿನ ಬೇಗೆಗೆ ತರುವುದರ ಬದಲು, ಬಿಸಿಲಿಗೆ ಒಗ್ಗಿದ ಅವಳ ಅಕ್ಕತಂಗಿಯರನ್ನು ಕರೆಯುವುದು. ಟೆಕ್ಸಾಸ್ ಮತ್ತು ಮೆಕ್ಸಿಕೋ ದೇಶದ ಕಡೆಯ ನೀಲಿ ಸಾಲ್ವಿಯಾ ಬಿಸಿಲಿನಲ್ಲಿಯೇ ನಗುತ್ತದೆ. ತೆಳುವಾದ ಕಡುಗೆಂಪು ಹೂವಿನ ‘ಕಾಕ್ಸೀನಿಯಾ’ ಎಂಬ ಇನ್ನೊಂದು ಬಗೆ ಒಮ್ಮೆ ನೆಲೆಗೊಂಡರೆ ತನ್ನ ಬೀಜವನ್ನು ತಾನೇ ಉದುರಿಸಿ ಮರುವರ್ಷ ಕರೆಯದೆಯೇ ಬರುತ್ತದೆ. ಗೌರಿಬಿದನೂರಿನಂತಹ ಊರಿಗೆ ಇವೇ ತಕ್ಕವು.

ನೀಲಿ ಸಾಲ್ವಿಯಾದಲ್ಲಿ ಮಕ್ಕಳಿಗೆ ತೋರಿಸಬಹುದಾದ ಒಂದು ಕೌತುಕವಿದೆ. ಅದರ ಹೂವಿನಲ್ಲಿರುವ ಎರಡು ಕೇಸರಗಳು ಏತದ ಮರದಂತೆ ಕೀಲಿನ ಮೇಲೆ ತೂಗುತ್ತವೆ. ಜೇನುನೊಣ ಮಕರಂದಕ್ಕಾಗಿ ತಲೆ ತೂರಿಸಿ ಕೆಳತುದಿಯನ್ನು ತಳ್ಳಿದೊಡನೆ ಮೇಲ್ತುದಿ ಬಾಗಿ ಅದರ ಬೆನ್ನಿಗೆ ಪರಾಗವನ್ನು ಸವರುತ್ತದೆ. ನೊಣ ಹೊರಬಂದರೆ ಏತ ಮತ್ತೆ ಮೇಲಕ್ಕೆ. ಈ ಕುಲದ ಇನ್ನೊಂದು ಹೂವಿನಲ್ಲಿ ಇದನ್ನು ನೋಡಿ ಜರ್ಮನಿಯ ಸ್ಪ್ರೆಂಗೆಲ್ ಎಂಬ ವಿದ್ವಾಂಸನು 1793ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಸಣ್ಣ ಕಡ್ಡಿಯೊಂದನ್ನು ಹೂವಿನ ಕೊರಳಿಗೆ ಮೆಲ್ಲನೆ ತೂರಿಸಿ ನಮ್ಮ ಮಕ್ಕಳೂ ಇದನ್ನು ಪರೀಕ್ಷಿಸಬಹುದು. ಕೆಂಪು ಸಾಲ್ವಿಯಾದ ಉದ್ದ ಕೊಳವೆಯಾದರೋ ಹಕ್ಕಿಯ ಕೊಕ್ಕಿಗೆಂದು ರೂಪುಗೊಂಡುದು. ಅದರ ನಾಡಿನಲ್ಲಿ ಝೇಂಕಾರದ ಹಕ್ಕಿ ಬರುತ್ತದೆ. ನಮ್ಮಲ್ಲಿ ಸೂರಕ್ಕಿ ಬರುತ್ತದೆ.

ರೇಷ್ಮೆಯ ನೆರೆಯಲ್ಲಿ

ಮತ್ತೆ ಚಿಕ್ಕಬಳ್ಳಾಪುರಕ್ಕೆ ಮರಳಿ ಪೂರ್ವದಿಕ್ಕಿಗೆ ನಡೆದರೆ ಶಿಡ್ಲಘಟ್ಟ. ಇದು ರೇಷ್ಮೆಯ ಊರು. ಹೊಲದಲ್ಲಿ ಹಿಪ್ಪುನೇರಳೆ, ಮನೆಯಲ್ಲಿ ಹುಳು, ಮಾರುಕಟ್ಟೆಯಲ್ಲಿ ಗೂಡು, ಓಣಿಯಲ್ಲಿ ನೂಲು ಬಿಚ್ಚುವ ರೀಲುಗಳ ಸದ್ದು. ಇಲ್ಲಿನ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಹುಳು ನಾಲ್ಕು ಬಾರಿ ಪೊರೆ ಕಳಚಿ, ಸುಮಾರು ನಾಲ್ಕು ವಾರ ಸೊಪ್ಪು ತಿಂದು ಗೂಡು ಕಟ್ಟುವವರೆಗೆ ಸಾಕುವವರ ಮನೆಯಲ್ಲಿ ಬಾಣಂತನದ ಎಚ್ಚರ.

ಈ ಎಚ್ಚರ ಹೂದೋಟದವರಿಗೂ ಇರಬೇಕು. ಸಾಲ್ವಿಯಾಕ್ಕೆ ಬಿಳಿನೊಣ, ಜೇಡನುಸಿ, ಹಿಟ್ಟುತಿಗಣೆಗಳ ಕಾಟ ಉಂಟು. ಬೇರೆ ಊರಾದರೆ ಅಂಗಡಿಯ ಕೀಟನಾಶಕವನ್ನು ತಂದು ಸಿಂಪಡಿಸಿಬಿಡುತ್ತಾರೆ. ಶಿಡ್ಲಘಟ್ಟದಲ್ಲಿ ಹಾಗೆ ಮಾಡುವಂತಿಲ್ಲ. ಗಾಳಿಯಲ್ಲಿ ತೇಲಿ ನೆರೆಯ ಹಿಪ್ಪುನೇರಳೆಯ ಮೇಲೆ ಕುಳಿತ ವಿಷದ ಲೇಶವೂ ಹುಳುವಿಗೆ ಮೃತ್ಯು. ನಮ್ಮ ಹತ್ತು ಹೂಗಳಿಗಾಗಿ ನೆರೆಯವರ ಒಂದು ಬೆಳೆಯೇ ಹಾಳಾದೀತು. ನಿರಪಾಯವೆಂದು ನಾವು ನಂಬಿದ ಹೊಗೆಸೊಪ್ಪಿನ ಕಷಾಯ, ಬೇವಿನೆಣ್ಣೆಗಳೂ ರೇಷ್ಮೆಹುಳುವಿನ ಪಾಲಿಗೆ ವಿಷವೇ ಎಂಬುದನ್ನು ಮರೆಯಬಾರದು.

ಹಾಗಾದರೆ ಉಪಾಯವೇನು? ನೀರೇ ಮದ್ದು. ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ತಾಗುವಂತೆ ರಭಸವಾಗಿ ನೀರು ಚಿಮುಕಿಸಿದರೆ ನುಸಿ ಉದುರುತ್ತದೆ. ತಿಗಣೆ ಹತ್ತಿದ ತುದಿಯನ್ನು ಕತ್ತರಿಸಿ ಸುಡಬೇಕು. ದಾಸವಾಳವಿದ್ದ ಮನೆಯವರು ಇನ್ನೂ ಎಚ್ಚರವಾಗಿರಬೇಕು. ಅದಕ್ಕೆ ಹತ್ತುವ ಗುಲಾಬಿ ಬಣ್ಣದ ಹಿಟ್ಟುತಿಗಣೆಯೇ ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸುವ ರೋಗಕ್ಕೂ ಕಾರಣ. ಇಲ್ಲಿ ಹೂದೋಟವೆಂದರೆ ಸ್ವಂತದ ಸೊತ್ತು ಮಾತ್ರವಲ್ಲ, ನೆರೆಹೊರೆಯ ವ್ಯವಹಾರ.

ರೇಷ್ಮೆಯೂ ಋಣ ಉಳಿಸಿಕೊಳ್ಳುವುದಿಲ್ಲ. ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪು ಗುಂಡಿಯಲ್ಲಿ ಚೆನ್ನಾಗಿ ಕೊಳೆತರೆ ಉತ್ತಮ ಗೊಬ್ಬರವಾಗುತ್ತದೆ. ಹಸಿಯಾಗಿ ಮಾತ್ರ ಹಾಕಕೂಡದು. ಪೂರ್ಣವಾಗಿ ಕಳಿತು ಮಣ್ಣಿನ ವಾಸನೆ ಬಂದ ಮೇಲೆಯೇ ಪಾತಿಗೆ ಸೇರಿಸಬೇಕು.

ಚಿಂತಾಮಣಿಯ ಮಣ್ಣು

ಶಿಡ್ಲಘಟ್ಟದಿಂದ ರೈಲುಹಾದಿ ಪೂರ್ವಕ್ಕೆ ಚಿಂತಾಮಣಿಗೆ ಸಾಗುತ್ತದೆ. ಒಂದು ಕಾಲಕ್ಕೆ ಇಲ್ಲಿ ಓಡುತ್ತಿದ್ದುದು ನ್ಯಾರೋಗೇಜ್ ಗಾಡಿ. ಈಗ ಬ್ರಾಡ್‌ಗೇಜ್ ಬಂದಿದೆ. ಊರ ಸುತ್ತ ಅಂಬಾಜಿದುರ್ಗ, ಕೈಲಾಸಗಿರಿಗಳ ಬಂಡೆಗಳು. ಸಮೀಪದಲ್ಲಿ ಯೋಗಿ ನಾರೇಯಣರ ಕೈವಾರ. ಕನ್ನಡ ತೆಲುಗುಗಳು ಒಂದೇ ನಾಲಗೆಯ ಮೇಲೆ ಸುಖವಾಗಿ ಬಾಳುವ ಸೀಮೆ ಇದು. ರಾಗಿ, ನೆಲಗಡಲೆ, ಮಾವುಗಳ ಜೊತೆಗೆ ಟೊಮೇಟೊ ಇಲ್ಲಿ ದೊಡ್ಡ ಬೆಳೆ.

ಹೂದೋಟಕ್ಕೆ ಮಣ್ಣು ತರಿಸುವವರು ಒಂದು ಮಾತನ್ನು ವಿಚಾರಿಸಬೇಕು: ಆ ಮಣ್ಣು ಯಾವ ಹೊಲದ್ದು? ಹಲವು ವರ್ಷ ಟೊಮೇಟೊ ಬೆಳೆದ ಹೊಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜಂತುಹುಳುಗಳು ಸೇರಿರುವ ಸಂಭವ ಹೆಚ್ಚು. ಅವು ಬೇರಿನಲ್ಲಿ ಗಂಟು ಕಟ್ಟುತ್ತವೆ. ಸಾಲ್ವಿಯಾದ ಬೇರೂ ಅವಕ್ಕೆ ಆಹಾರವೇ. ನೀರು ಗೊಬ್ಬರಗಳಿದ್ದರೂ ಗಿಡ ಮಧ್ಯಾಹ್ನವಾಗುತ್ತಲೇ ಬಾಡಿದರೆ ಒಂದನ್ನು ಕಿತ್ತು ಬೇರನ್ನು ನೋಡಿರಿ. ಗಂಟುಗಳಿದ್ದರೆ ಆ ಪಾತಿಯಲ್ಲಿ ಮುಂದಿನ ಬೆಳೆಗೆ ಚೆಂಡುಹೂವನ್ನು ಒತ್ತಾಗಿ ಬೆಳೆಸುವುದು ಒಳ್ಳೆಯದು. ಅದರ ಬೇರು ಆ ಜಂತುಗಳನ್ನು ತಗ್ಗಿಸುತ್ತದೆ. ಮುಡಿಗೇರದ ಹೂವಿಗೆ ಗುಡಿಗೇರುವ ಹೂವು ಮಾಡುವ ಉಪಕಾರವಿದು.

ಬಿಸಿಲು, ಗಾಳಿ, ನೀರಿನ ಕೊರತೆ ಮೂರನ್ನೂ ತಾಳುವ ಇನ್ನೊಂದು ಬಗೆ ಇಲ್ಲಿಗೆ ಒಪ್ಪೀತು. ಅದು ಮೆಕ್ಸಿಕೋದ ಮಖಮಲ್ ಸಾಲ್ವಿಯಾ. ನೇರಳೆ ಬಣ್ಣದ ಅದರ ಪುಷ್ಪಪಾತ್ರೆ ನಿಜವಾಗಿಯೂ ಮಖಮಲ್ಲಿನಷ್ಟು ಮೃದು. ಹಗಲು ಕಿರಿದಾಗುವ ಕಾಲಕ್ಕೆ ಅರಳುತ್ತದೆ. ಬೀಜ ಬೇಕಿಲ್ಲ, ಗೇಣುದ್ದದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ.

ಈ ಕುಲದಲ್ಲಿ ಬೆಲೆಯುಳ್ಳ ಹೂವೇ ಇಲ್ಲವೆಂದು ತಿಳಿಯಬಾರದು. ಈಚೆಗೆ ಅಂಗಡಿಗಳಲ್ಲಿ ಮಾರುವ ಚಿಯಾ ಬೀಜ ಮೆಕ್ಸಿಕೋ ಕಡೆಯ ಒಂದು ಸಾಲ್ವಿಯಾದ ಬೀಜವೇ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಪ್ರೋತ್ಸಾಹದಿಂದ ಮೈಸೂರು ಸೀಮೆಯ ರೈತರು ಅದನ್ನು ಬೆಳೆಯತೊಡಗಿದರು. ಕಾಮಕಸ್ತೂರಿಯ ಬೀಜದಂತೆ ಅದೂ ನೀರಿನಲ್ಲಿ ಲೋಳೆಗಟ್ಟಿ ಉಬ್ಬುತ್ತದೆ, ದಾಯಾದಿಗಳಲ್ಲವೆ!

ನೀರಿನ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹನ್ನೆರಡು ಕುಂಡಗಳಿರುವ ಮನೆಯೊಂದನ್ನು ಎಣಿಸಿಕೊಳ್ಳಿರಿ. ಬೇಸಗೆಯಲ್ಲಿಯೂ ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಸಾಕು. ಒಟ್ಟು 12 ಲೀಟರ್, ಒಂದು ಬಕೆಟ್ಟಿಗಿಂತ ಕಡಿಮೆ. ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರನ್ನು ಗೃಹಿಣಿಯು ಮೋರಿಗೆ ಚೆಲ್ಲದೆ ಕೂಡಿಟ್ಟರೆ ಇದರ ಬಹುಭಾಗ ಅಲ್ಲಿಯೇ ದೊರೆಯುತ್ತದೆ. ಸೋಪು ಬೆರೆತ ಬಟ್ಟೆಯ ನೀರನ್ನು ಮಾತ್ರ ಹಾಕಕೂಡದು. ಅದರ ಲವಣ ಗಿಡಕ್ಕೆ ಆಗದು.

ಇನ್ನು ಮಳೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿಗೆ 20 ಮಿಲಿಮೀಟರಿನ ಒಂದೇ ಒಂದು ಹದ ಮಳೆ ಬಂದರೆ 2,000 ಲೀಟರ್! ನಮ್ಮ ಹನ್ನೆರಡು ಕುಂಡಗಳಿಗೆ ಐದು ತಿಂಗಳಿಗೂ ಮಿಕ್ಕಿ ಸಾಕಾಗುವಷ್ಟು. ಅದನ್ನು ಚರಂಡಿಗೆ ಬಿಟ್ಟು, ಸಾವಿರ ಅಡಿಯ ಆಳದಿಂದ ಎತ್ತಿದ ನೀರನ್ನು ಹೂವಿಗೆ ಸುರಿದರೆ ಅದು ಅನ್ಯಾಯವೇ ಸರಿ. ತಪ್ಪು ಹೂವಿನದಲ್ಲ. ಪಾತಿಯ ಮೇಲೆ ಎರಡು ಬೆರಳು ದಪ್ಪ ಒಣ ಎಲೆ ಹೊದಿಸಿದರೆ ತೇವ ಉಳಿದು ನೀರಿನ ಖರ್ಚು ಇನ್ನೂ ತಗ್ಗುತ್ತದೆ.

ಬೀಜಕ್ಕಾಗಿ ವರ್ಷವರ್ಷವೂ ಹಣ ತೆರಬೇಕಿಲ್ಲ. ಹೂಗೊಂಚಲಿನ ಬುಡದ ಪುಷ್ಪಪಾತ್ರೆಗಳು ಒಣಗಿ, ಒಳಗಿನ ಬೀಜ ಕಂದಾದೊಡನೆ ಗೊಂಚಲನ್ನು ಕಾಗದದ ಚೀಲಕ್ಕೆ ಬಗ್ಗಿಸಿ ತಟ್ಟಬೇಕು. ತಡವಾದರೆ ಬೀಜ ನೆಲದ ಪಾಲು. ನೆರಳಿನಲ್ಲಿ ಒಣಗಿಸಿ ಮುಚ್ಚಿಟ್ಟು ಮರುವರ್ಷವೇ ಬಿತ್ತಬೇಕು. ಹಳತಾದಂತೆಲ್ಲ ಮೊಳೆಯುವ ಶಕ್ತಿ ಕುಂದುತ್ತದೆ. ಒಂದು ಚೀಲದ ಬೀಜ ಒಂದು ಓಣಿಗೆ ಸಾಕು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಹೂವಿಗೆ ಇದೊಂದು ಸೌಭಾಗ್ಯವುಂಟು. ಅದನ್ನು ಯಾರೂ ಮಾರುವುದಿಲ್ಲ, ಎಲ್ಲರೂ ಹಂಚಿಕೊಳ್ಳುತ್ತಾರೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹೂದೋಟಕ್ಕೂ ಸಲ್ಲುತ್ತದೆ. ಬೆಟ್ಟದ ಬುಡದ ಊರಿಗೆ ಕೆಂಪು, ಬಿಸಿಲೂರಿಗೆ ನೀಲಿ, ಒಣನೆಲಕ್ಕೆ ಮಖಮಲ್. ರೇಷ್ಮೆಯ ನೆರೆಯಲ್ಲಿ ವಿಷವಿಲ್ಲದ ಆರೈಕೆ. ಎಲ್ಲೆಡೆಯೂ ಮನೆಯಲ್ಲಿ ಮಿಕ್ಕ ನೀರು, ಮಾಡಿನ ಮಳೆ, ಕೂಡಿಟ್ಟ ಬೀಜ. ಇಷ್ಟನ್ನು ನಡೆಸಿದ ಮನೆಯ ಸಾಲ್ವಿಯಾ ಊರಿನ ಬಾವಿಗೂ ನೆರೆಯವರ ಹುಳುವಿಗೂ ಸಾಲಗಾರನಲ್ಲ. ಬೆಳಗಿನ ಸೂರಕ್ಕಿ ಬಂದು ಅದರ ಮುಂದೆ ರೆಕ್ಕೆ ಬಡಿಯುವಾಗ, ಈ ಹೂವಿಗೆ ಬೆಲೆಯೆಷ್ಟೆಂದು ಯಾರೂ ಕೇಳಲಾರರು.